ಇಂಗುಗುಂಡಿ ನಿರ್ಮಾಣ ಸೇವೆ: ಒಂದು ಮಳೆಗಾಲದ ಅನುಭವ

ತುಮಕೂರಿನಲ್ಲಿ ಅಮಾನಿಕೆರೆಗಿಂತ ಎತ್ತರದ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಚಾವಣಿಯ ಮಳೆನೀರು ಇಷ್ಟು ವರ್ಷ ಬೀದಿಯ ಚರಂಡಿಗೆ, ಅಲ್ಲಿಂದ ದೊಡ್ಡ ಕಾಲುವೆಗೆ, ಕೊನೆಗೆ ಕೆರೆಗೆ ಹೋಗುತ್ತಿತ್ತು. ಕೆರೆಗೆ ನೀರು ಸೇರಿದರೆ ಒಳ್ಳೆಯದೇ ಎಂದು ನಾನೂ ತಿಳಿದಿದ್ದೆ. ಆದರೆ ಆ ನೀರು ದಾರಿಯುದ್ದಕ್ಕೂ ವಾಹನಗಳ ಎಣ್ಣೆ, ಟಯರಿನ ಪುಡಿ, ಕಸ, ಮಣ್ಣು, ಕೆಲವೆಡೆ ಮನೆಗಳ ಕೊಳಚೆಯನ್ನೂ ಹೊತ್ತುಕೊಂಡೇ ಕೆರೆಗಿಳಿಯುತ್ತದೆ. ಮಣ್ಣು ಹೂಳಾಗಿ ನಿಲ್ಲುತ್ತದೆ, ಕೊಳಚೆಯ ರಂಜಕ ಮತ್ತು ಸಾರಜನಕವನ್ನುಂಡು ಪಾಚಿಯೂ ಅಂತರಗಂಗೆಯೂ ಹಬ್ಬುತ್ತವೆ, ಅವು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ನಮ್ಮ ಪಾಲಿನ ನೀರನ್ನಾದರೂ ಅಂಗಳದಲ್ಲೇ ಇಂಗಿಸೋಣವೆಂದು ಕಳೆದ ಮೇ ತಿಂಗಳಲ್ಲಿ ಸ್ಥಳೀಯ ತಂಡವೊಂದಕ್ಕೆ ಕೆಲಸ ಒಪ್ಪಿಸಿದೆವು.

ಅಗೆಯುವ ಮತ್ತು ಕಟ್ಟುವ ಕೆಲಸದಲ್ಲಿ ಅವರ ಕೈ ಚೆನ್ನಾಗಿದೆ. ಮೇಲಿನ ಕೆಮ್ಮಣ್ಣು ದಾಟಿ ಗರಸು ಸಿಗುವವರೆಗೆ ಹತ್ತು ಅಡಿ ಅಗೆದು, ಮೂರು ಅಡಿ ಅಗಲದ, ರಂಧ್ರಗಳಿರುವ ಸಿಮೆಂಟ್ ಬಳೆಗಳನ್ನು ಇಳಿಸಿ, ಸುತ್ತಲೂ ಜಲ್ಲಿ ತುಂಬಿದರು. ಗುಂಡಿಯ ಅಳತೆಯ ಬಗ್ಗೆ ನನಗಿದ್ದ ಅನುಮಾನವನ್ನು ಲೆಕ್ಕ ಹಾಕಿಯೇ ನಿವಾರಿಸಿದರು: ನಮ್ಮ ಚಾವಣಿ ಸುಮಾರು 1000 ಚದರ ಅಡಿ, ಅಂದರೆ 93 ಚದರ ಮೀಟರ್, ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್, 25 ಮಿಲಿಮೀಟರ್ ಬಿದ್ದರೆ 2300 ಲೀಟರಿನಷ್ಟು ನೀರು. ಗುಂಡಿ ಹಿಡಿಯುವುದು ಸುಮಾರು 2000 ಲೀಟರ್. ತುಂಬುತ್ತಿರುವಾಗಲೇ ತಳದಲ್ಲಿ ಇಂಗುತ್ತಲೂ ಇರುವುದರಿಂದ ಸಾಧಾರಣ ಮಳೆಗೆ ಇದು ಸಾಕು.

ನನಗೆ ಬೇಸರವಾದದ್ದು ಮೊದಲ ಮಳೆಯ ಕೊಳವೆಯ ವಿಷಯದಲ್ಲಿ. ಪ್ರತಿ ಮಳೆಯ ಆರಂಭದ ಒಂದೆರಡು ಮಿಲಿಮೀಟರ್ ನೀರು, ಎಂದರೆ ನಮ್ಮ ಮನೆಯ ಮಟ್ಟಿಗೆ ನೂರರಿಂದ ಇನ್ನೂರು ಲೀಟರ್, ಚಾವಣಿಯ ದೂಳು, ತರಗೆಲೆ, ಪಾರಿವಾಳದ ಹಿಕ್ಕೆಯನ್ನೆಲ್ಲ ತೊಳೆದು ತರುತ್ತದೆ; ಅದನ್ನು ಗುಂಡಿಗೆ ಬಿಡದೆ ಬೇರೆ ಕಡೆ ತಿರುಗಿಸುವುದು ಸರಿಯಾದ ಕ್ರಮ. ತಂಡದವರು ಅದನ್ನು ನೇರವಾಗಿ ಬೀದಿ ಚರಂಡಿಗೆ ಜೋಡಿಸಿದ್ದರು. ಶುದ್ಧ ನೀರು ನಮಗೆ, ಕೊಳೆ ಮಾತ್ರ ಕೆರೆಗೆ ಎಂಬಂತಾಯಿತು. ಎಲ್ಲ ಮನೆಗಳಲ್ಲೂ ಹೀಗೆಯೇ ಮಾಡಿದರೆ, ಕೊಳೆಯನ್ನು ತೆಳುವಾಗಿಸುವ ನೀರೂ ಇಲ್ಲದೆ ಕೆರೆಯ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ನಾನು ಪಟ್ಟು ಹಿಡಿದ ಮೇಲೆ ಆ ಕೊಳವೆಯನ್ನು ಹಿತ್ತಲಿನ ಬಾಳೆಯ ಪಾತಿಗೆ ತಿರುಗಿಸಿದರು. ಹೆಚ್ಚುವರಿ ಹಣ ಕೇಳಲಿಲ್ಲ ಎಂಬುದನ್ನೂ ಹೇಳಬೇಕು.

ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಲ್ಲಿ ಗುಂಡಿ ತುಂಬಿ ಹೊರಚೆಲ್ಲಿದ್ದು ಎರಡೇ ಸಲ, ಅದೂ ರಾತ್ರಿಯಿಡೀ ಸುರಿದ ದಿನಗಳಲ್ಲಿ. ಮರುದಿನ ಸಂಜೆಗೆ ನೀರು ಇಂಗಿರುತ್ತಿತ್ತು. ಗುಂಡಿಗಿಳಿಯುವ ನೀರನ್ನು ಸೋಸುವ ಶೋಧಕದ ಮರಳು ಮಾತ್ರ ಆಗಸ್ಟಿನಲ್ಲೇ ಕಟ್ಟಿಕೊಂಡಿತ್ತು. ಮಳೆಗಾಲದ ನಡುವೆ ಬಂದು ತೊಳೆದುಕೊಡುತ್ತೇವೆ ಎಂದಿದ್ದವರು ಮೂರು ಬಾರಿ ಫೋನ್ ಮಾಡಿದ ಮೇಲೆ ಬಂದರು. ಅಷ್ಟರಲ್ಲಿ ಮೇಲಿನ ಪದರವನ್ನು ನಾನೇ ತೆಗೆದು ತೊಳೆದಿದ್ದೆ. ಅದು ಅರ್ಧ ದಿನದ ಕೆಲಸ.

ಅಂಗಳದ ನೀರಿನ ಜೊತೆಗೆ ರಸ್ತೆಯ ನೀರನ್ನೂ ಗುಂಡಿಗೆ ಬಿಡಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟಾಗ ತಂಡದ ಮೇಸ್ತ್ರಿ ಒಪ್ಪಲಿಲ್ಲ. ಅವರ ನಿಲುವು ಸರಿ. ರಸ್ತೆಯ ಎಣ್ಣೆ ಮತ್ತು ಕೊಳಚೆ ಹತ್ತು ಅಡಿ ಆಳಕ್ಕೆ ಇಳಿದರೆ ಅಂತರ್ಜಲವನ್ನೇ ಕೆಡಿಸುತ್ತವೆ. ರಸ್ತೆಯ ನೀರಿಗೆ ಬೇಕಾದದ್ದು ಕಾಲುವೆ ಕೆರೆಯನ್ನು ಸೇರುವ ಬಾಯಲ್ಲಿ ಹೂಳು ನಿಲ್ಲುವ ತೊಟ್ಟಿ, ಕಸ ತಡೆಯುವ ಸರಳು, ಆಮೇಲೆ ಜೊಂಡು ಬೆಳೆದ ಜೌಗು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ.

ಕಟ್ಟಡದ ಕೆಲಸಕ್ಕಾಗಿ ಈ ಬಗೆಯ ಸೇವೆಯನ್ನು ಧೈರ್ಯವಾಗಿ ಪಡೆಯಬಹುದು. ನಂತರದ ನಿರ್ವಹಣೆಗೆ ಅವರನ್ನೇ ನೆಚ್ಚಿಕೊಳ್ಳಬೇಡಿ. ಮೊದಲ ಮಳೆಯ ಕೊಳವೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮುಂಗಡ ಕೊಡುವ ಮುನ್ನವೇ ನಕ್ಷೆಯಲ್ಲಿ ಬರೆಸಿಕೊಳ್ಳಿ.