ಸಕ್ಕರ್ ಮೀನು ಕೊಡದ ಅಂಗಡಿ

ಮೈಸೂರಿನ ನಮ್ಮ ಬಡಾವಣೆಯ ಅಕ್ವೇರಿಯಂ ಅಂಗಡಿಯಿಂದ ಆರು ಕೋರಿಡೋರಸ್ ಮೀನುಗಳನ್ನು ತಂದು ನಾಲ್ಕು ತಿಂಗಳಾಯಿತು. ನಾನು ಹೋಗಿದ್ದು ಸಕ್ಕರ್ ಮೀನಿಗಾಗಿ. ಗಾಜಿಗೆ ಅಂಟಿದ ಪಾಚಿಯನ್ನು ಅದು ತಿಂದು ಚೊಕ್ಕಟ ಮಾಡುತ್ತದೆ ಎಂದು ಬೇರೊಂದು ಕಡೆ ಹೇಳಿದ್ದರು. ಈ ಅಂಗಡಿಯವರು ಮೊದಲು ತೊಟ್ಟಿಯ ಅಳತೆ ಕೇಳಿದರು. ಎರಡಡಿ ಎಂದೆ. ಬೆರಳುದ್ದದ ಈ ಮರಿ ಒಂದಡಿಗೂ ಮೀರಿ ಬೆಳೆಯುತ್ತದೆ, ಆಗ ಸಾಕಲಾಗದೆ ಜನ ಕೆರೆಗೆ ಬಿಡುತ್ತಾರೆ, ದಕ್ಷಿಣ ಅಮೆರಿಕದ ಆ ಮೀನು ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಟ್ಟು ಹೆಚ್ಚಿಕೊಂಡು ನಮ್ಮ ಮೀನುಗಳ ಜಾಗ ಕಸಿಯುತ್ತದೆ ಎಂದು ವಿವರಿಸಿ, ಅದನ್ನು ಮಾರಲು ಅವರು ಒಪ್ಪಲೇ ಇಲ್ಲ. ಗಿರಾಕಿಯನ್ನು ಹೀಗೆ ತಡೆಯುವ ವ್ಯಾಪಾರಿಯ ಮೇಲೆ ನನಗೆ ಗೌರವ ಮೂಡಿತು.

ಬದಲಿಗೆ ಅವರು ತೋರಿಸಿದ ಕಂಚಿನ ಬಣ್ಣದ ಕೋರಿಡೋರಸ್ ಕೂಡ ದಕ್ಷಿಣ ಅಮೆರಿಕದ್ದೇ. ನಮ್ಮ ಮುರುಗೋಡು, ಚೇಳು ಮೀನುಗಳಂತೆ ಮೀಸೆಯುಳ್ಳ ಬಳಗದ್ದು, ಆದರೆ ಸುಮಾರು ಏಳು ಸೆಂಟಿಮೀಟರಿಗೆ ಅದರ ಬೆಳವಣಿಗೆ ನಿಲ್ಲುತ್ತದೆ. ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಆರಕ್ಕಿಂತ ಕಡಿಮೆ ಒಯ್ಯಬೇಡಿ ಎಂದರು. ಹಿಡಿಯುವಾಗ ಬಲೆಯನ್ನು ಬದಿಗಿಟ್ಟು ಪ್ಲಾಸ್ಟಿಕ್ ಲೋಟವನ್ನು ನೀರಿಗಿಳಿಸಿ, ಮೀನನ್ನು ಮೆಲ್ಲಗೆ ಅದರೊಳಗೆ ನಡೆಸಿದರು. ಈಜುರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೆ ಗಾಯವಾಗುತ್ತದಂತೆ.

ಮನೆಗೆ ತಂದ ರಾತ್ರಿ ಒಂದು ಮೀನು ತಳದಿಂದ ಬಾಣದಂತೆ ಮೇಲಕ್ಕೆ ಚಿಮ್ಮಿ, ಗಾಳಿ ಗುಟುಕರಿಸಿ ಮತ್ತೆ ಕೆಳಗಿಳಿಯಿತು. ಗಾಬರಿಯಿಂದ ಫೋನ್ ಮಾಡಿದಾಗ, ನುಂಗಿದ ಗಾಳಿಯ ಆಮ್ಲಜನಕವನ್ನು ಅದು ಕರುಳಿನ ಹಿಂಭಾಗದಲ್ಲಿ ಹೀರಿಕೊಳ್ಳುತ್ತದೆ, ಆಗೊಮ್ಮೆ ಈಗೊಮ್ಮೆ ಹೀಗಾದರೆ ಸಹಜ, ಪದೇ ಪದೇ ಆದರೆ ಮಾತ್ರ ನೀರು ಕೆಟ್ಟಿದೆಯೇ ನೋಡಿ ಎಂದು ಸಮಾಧಾನದಿಂದ ತಿಳಿಸಿದರು. ಅಂಗಡಿ ಮುಚ್ಚುವ ಹೊತ್ತಿನಲ್ಲೂ ಅವರು ಅವಸರ ತೋರಲಿಲ್ಲ.

ಕೊರತೆಯೊಂದು ಇದೆ. ಅಲ್ಲಿನ ಕೋರಿಡೋರಸ್ ತೊಟ್ಟಿಯ ತಳದಲ್ಲಿ ಚೂಪಾದ ಜಲ್ಲಿ ಹಾಸಿದ್ದಾರೆ. ಮಾರಾಟಕ್ಕೂ ಅದೇ ಇದೆ, ನುಣ್ಣನೆಯ ಮರಳಿಲ್ಲ. ಈ ಮೀನುಗಳು ಮೀಸೆಯಿಂದಲೇ ತಡವಿ, ರುಚಿ ನೋಡಿ ಆಹಾರ ಹುಡುಕುವುದರಿಂದ ಅಂಥ ಜಲ್ಲಿಯಲ್ಲಿ ಮೀಸೆ ಸವೆಯುತ್ತದೆ. ನಾನು ತಂದ ಆರರಲ್ಲಿ ಒಂದಕ್ಕೆ ಎಡಮೀಸೆ ಮೊಂಡಾಗಿತ್ತು. ಮರಳನ್ನು ಬೇರೆಡೆಯಿಂದ ತಂದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು ಹಾಸಿದೆ. ಈಗ ಅವು ಕಣ್ಣಿನವರೆಗೂ ಮೂತಿ ಹುದುಗಿಸುತ್ತವೆ, ಬಾಯಿಗೆ ಹೋದ ಮರಳು ಕಿವಿರಿನಿಂದ ಸಣ್ಣಗೆ ಉದುರುತ್ತದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆ ಜಲ್ಲಿಯನ್ನು ಬದಲಾಯಿಸಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ.