ಇಟ್ಟೊಕೊರ್ಟೂರ್ಮಿಟ್ ಅಥವಾ ಪಾಂಡ್ ಇನ್ಲೆಟ್: ಯಾವ ಇನ್ಯೂಟ್ (ಉತ್ತರ ಧ್ರುವ ಪ್ರದೇಶದ ಮೂಲನಿವಾಸಿಗಳ) ಊರಿಗೆ ಹೋಗೋದು?

ನಾಯಿಗಳು ಎಳೆಯುವ ಜಾರುಬಂಡಿ ಹತ್ತಲೇಬೇಕು ಅಂತಿದ್ದರೆ ಪೂರ್ವ ಗ್ರೀನ್‌ಲ್ಯಾಂಡಿನ ಇಟ್ಟೊಕೊರ್ಟೂರ್ಮಿಟ್‌ಗೇ ಹೋಗಿ. 1925ರಲ್ಲಿ ಶುರುವಾದ ಊರು, ಜನ ನಾನೂರೂ ಇಲ್ಲ. ವರ್ಷದಲ್ಲಿ ಸುಮಾರು 9 ತಿಂಗಳು ಸಮುದ್ರ ಹೆಪ್ಪುಗಟ್ಟಿರುತ್ತದೆ. ಐಸ್‌ಲ್ಯಾಂಡಿನಿಂದ ವಿಮಾನ, ಇಳಿದ ಮೇಲೆ ಹೆಲಿಕಾಪ್ಟರ್. ಹವಾಮಾನ ಕೆಟ್ಟರೆ ದಿನಗಟ್ಟಲೆ ಕಾಯಬೇಕಾಗಬಹುದು, ರಜೆ ಜಾಸ್ತಿ ಇಟ್ಟುಕೊಳ್ಳಿ. ನಮ್ಮ ಪಾಸ್‌ಪೋರ್ಟಿಗೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಒಂದೇ ಸಾಲದು, ಗ್ರೀನ್‌ಲ್ಯಾಂಡಿಗೂ ಸಲ್ಲುವ ವೀಸಾ ಬೇಕು.

ಕೆನಡಾದ ನುನಾವುಟ್‌ನಲ್ಲಿರುವ ಪಾಂಡ್ ಇನ್ಲೆಟ್ ದೊಡ್ಡದು, ಸುಮಾರು 1,500 ಜನ. ನುನಾವುಟ್‌ನ ರಾಜಧಾನಿ ಇಕಾಲುಯಿಟ್ ಮೂಲಕ ವಿಮಾನ ಊರಿಗೇ ಬರುತ್ತದೆ. ಮೇ-ಜೂನ್‌ನಲ್ಲಿ ಮಂಜುಗಡ್ಡೆಯ ಅಂಚಿಗೆ ಹೋದರೆ ಈಟಿಯಂಥ ಹಲ್ಲಿನ ನಾರ್ವಾಲ್ ತಿಮಿಂಗಿಲ ಕಾಣಬಹುದು. ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ!

ಮೊದಲ ಸಲವಾದರೆ ನನ್ನ ಮತ ಪಾಂಡ್ ಇನ್ಲೆಟ್‌ಗೆ. ಎರಡೂ ಕಡೆ ಬೇಟೆಯೇ ಬದುಕಿನ ಭಾಗ. ಸೀಲ್ ಮಾಂಸ ಕಂಡು ಮುಖ ಸಿಂಡರಿಸಬೇಡಿ, ಕೇಳದೆ ಯಾರ ಫೋಟೊನೂ ತೆಗೆಯಬೇಡಿ.