ಅಜ್ಜಿಯ ಕುಂಕುಮ ಅಳಿಸಿದ ಬೀಟಾ

ಕಾಸರಗೋಡಿನ ಬದಿಯಡ್ಕದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಮದುವೆ, ಉಪನಯನ, ಮನೆ ಒಕ್ಕಲು, ನಡುನಡುವೆ ಯಕ್ಷಗಾನದ ಆಟ-ಕೂಟಗಳ ಫೋಟೋ ತೆಗೆಯುವವ ನಾನು. ಈ ಮಳೆಗಾಲದ ಸುರುವಿಗೆ ಒಂದೇ ಮನೆಯವರಿಗೆ ಒಂದೇ ಮದುವೆಯ ಆಲ್ಬಮನ್ನು ಎರಡು ಸಲ ಮಾಡಿಸಿ ಕೊಟ್ಟೆ. ಎರಡನೆಯದರ ಖರ್ಚು 14,000 ರೂಪಾಯಿ, ಪೂರ್ತಿ ನನ್ನ ಕಿಸೆಯಿಂದ. ಕಾರಣ, ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಒಂದರ ಬೀಟಾ, ಅಂದರೆ ಪೂರ್ತಿ ತಯಾರಾಗುವ ಮುಂಚೆ ಪರೀಕ್ಷೆಗೆಂದು ಜನರ ಕೈಗೆ ಕೊಡುವ ಆವೃತ್ತಿ. ಯಾವ ಕಂಪೆನಿಯದ್ದು ಎಂದು ಕೇಳಬೇಡಿ. ಹೆಸರು ಹೇಳಿದರೆ "ಓ, ನಮ್ಮದು ಅದಲ್ಲ" ಎಂದು ನೀವು ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತೀರಿ.

ಏಪ್ರಿಲಿನಲ್ಲಿ ಒಂದು ರಾತ್ರಿ ಬೆಂಗಳೂರಿನಿಂದ ಅಳಿಯನ ಫೋನು. "ಮಾವ, ನೀವು ಬಳಸುವ ಸಾಫ್ಟ್‌ವೇರಿನ ಹೊಸ ಬೀಟಾ ಬಂದಿದೆ. ನಾಯ್ಸ್ ಹೇಗೆ ತೆಗೀತದೆ ಅಂತ ಒಮ್ಮೆ ನೋಡಿ, ಮರುಳಾಗ್ತೀರಿ." ಹಾಕಿದೆ, ಮರುಳಾದೆ. ಹಿಂದಿನ ವಾರವಷ್ಟೇ ಬಯಲಾಟದಲ್ಲಿ, ಕತ್ತಲಿಗೆಂದು ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಯನ್ನು ಐಎಸ್‌ಒ 12800ಕ್ಕೆ ಏರಿಸಿ ತೆಗೆದ ರಕ್ಕಸನ ಬಣ್ಣದ ವೇಷದ ಫೋಟೋ ಒಂದಿತ್ತು, ನಾಯ್ಸ್ ಎಂದರೆ ಮೈಯೆಲ್ಲ ರವೆ ಚೆಲ್ಲಿದ ಹಾಗೆ. ಬೀಟಾ ಅದನ್ನು ಒಂದು ನಿಮಿಷ ತಿಂದು ಹೊರಗೆ ಬಿಟ್ಟಾಗ, ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚುಟ್ಟಿಯ ಒಂದೊಂದು ಮುಳ್ಳನ್ನೂ ಎಣಿಸಬಹುದಿತ್ತು. ಈ ಚುಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಅದಕ್ಕೂ ಮುಂಚೆ, ಮೊದಲ ಸಲ ತೆರೆದಾಗಲೇ ಅದು ಒಂದು ಪ್ರಶ್ನೆ ಕೇಳಿತ್ತು: ನಿಮ್ಮ ಹಳೆಯ ಕ್ಯಾಟಲಾಗನ್ನು ಹೊಸ ರೂಪಕ್ಕೆ ಬದಲಾಯಿಸಲೇ? ಕೆಳಗೆ ಚೌಕದಲ್ಲಿ ಒಂದು ಟಿಕ್, ಬದಲಾಯಿಸುವ ಮುಂಚೆ ಹಳೆಯದರ ಪ್ರತಿ ಇಟ್ಟುಕೊಳ್ಳಲು. ನನ್ನ ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಟಿಕ್ ತೆಗೆದೆ, ಓಕೆ ಒತ್ತಿದೆ. ಈ ಕಥೆಯಲ್ಲಿ ನನ್ನ ತಪ್ಪು ಎಷ್ಟು, ಅವರದ್ದು ಎಷ್ಟು ಎಂದು ಯಾರಾದರೂ ಪಾಲು ಮಾಡುವುದಿದ್ದರೆ ಆ ಟಿಕ್ಕನ್ನು ನನ್ನ ಪಾಲಿಗೇ ಹಾಕಿ.

ಕ್ಯಾಟಲಾಗ್ ಎಂದರೆ ಎಂತ ಎಂದು ಹೊಸಬರಿಗೆ ಹೇಳಬೇಕು. ಇಂಥ ಸಾಫ್ಟ್‌ವೇರುಗಳಲ್ಲಿ ನಾವು ಫೋಟೋ ಎಡಿಟ್ ಮಾಡುತ್ತೇವೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಕ್ಯಾಮೆರಾ ಬರೆದ ಮೂಲ ಫೈಲನ್ನು, ಅಂದರೆ ರಾ ಫೈಲನ್ನು, ಅದು ಮುಟ್ಟುವುದಿಲ್ಲ. ಇಷ್ಟು ಬೆಳಕು ಹೆಚ್ಚಿಸು, ಇಲ್ಲಿ ಕತ್ತರಿಸು, ಹಸಿರನ್ನು ತಗ್ಗಿಸು ಎಂಬ ಆಜ್ಞೆಗಳನ್ನೆಲ್ಲ ಬೇರೆಯೇ ಒಂದು ಕಡತದಲ್ಲಿ ಬರೆದಿಡುತ್ತದೆ. ಅದೇ ಕ್ಯಾಟಲಾಗ್. ಅಂಗಡಿಯ ಸಾಮಾನು ಗೋದಾಮಿನಲ್ಲಿ, ಲೆಕ್ಕ ಪುಸ್ತಕದಲ್ಲಿ ಇದ್ದ ಹಾಗೆ. ಹೊಸ ಆವೃತ್ತಿ ಈ ಪುಸ್ತಕವನ್ನು ತನ್ನ ಲಿಪಿಗೆ ತಿರುಗಿಸಿಕೊಂಡಿತೆಂದರೆ ಹಳೆಯ ಆವೃತ್ತಿಗೆ ಅದನ್ನು ಓದಲಿಕ್ಕೆ ಬರುವುದಿಲ್ಲ. ಹಿಂದೆ ಬರುವ ದಾರಿ ಇಲ್ಲ. ನನ್ನ ಆರು ವರ್ಷದ ಲೆಕ್ಕ ಆ ಒಂದು ಓಕೆಯಲ್ಲಿ ಆಚೆ ದಡಕ್ಕೆ ಹೋಯಿತು. ಆ ರಾತ್ರಿ ನನಗೆ ಅದು ಗೊತ್ತೇ ಆಗಲಿಲ್ಲ, ಯಾಕೆಂದರೆ ಎಲ್ಲ ಚೆನ್ನಾಗಿಯೇ ತೆರೆಯುತ್ತಿತ್ತು.

ಬೀಟಾ ಎಂದರೆ ಆಗಾಗ ಸ್ಥಗಿತವಾಗುತ್ತದೆ, ಕಂಪ್ಯೂಟರ್ ಸಿಕ್ಕಿಹಾಕಿಕೊಳ್ಳುತ್ತದೆ ಎಂದಷ್ಟೇ ನಾವು ಹೆದರುವುದು. ಸ್ಥಗಿತವಾದರೆ ಒಳ್ಳೆಯದು ಮಾರಾಯ್ರೆ, ಗೊತ್ತಾದರೂ ಆಗುತ್ತದೆ. ನನ್ನದು ಮೂರು ವಾರ ಒಂದು ಸಲವೂ ನಿಲ್ಲಲಿಲ್ಲ.

ಪೆರ್ಲದ ಕಡೆಯ ಮದುವೆ ಅದು. ಏಪ್ರಿಲಿನ ಸೆಕೆ, ಹೋಮದ ಹೊಗೆ. ಮದುಮಗಳ ಕುತ್ತಿಗೆ ತುಂಬ ಬೆವರುಸಾಲೆ. ಒಂದು ಫೋಟೋದಲ್ಲಿ ಬೀಟಾದ ಹೊಸ ಚರ್ಮ ಶುದ್ಧಿಯ ಗುಂಡಿ ಒತ್ತಿದೆ. ಕೆಂಪು ಚುಕ್ಕೆಗಳೆಲ್ಲ ಮಾಯ, ಚರ್ಮದ ನೈಜತೆ ಹಾಗೇ ಉಳಿದಿದೆ. ಹಳೆಯ ಆವೃತ್ತಿಯಲ್ಲಿ ಇದೇ ಕೆಲಸಕ್ಕೆ ಒಂದೊಂದು ಚುಕ್ಕೆಯ ಮೇಲೆ ಕುಕ್ಕಬೇಕಿತ್ತು. ಅಭ್ಯಾಸಬಲದಿಂದ ಆ ಫೋಟೋದ ಸೆಟ್ಟಿಂಗ್ಸನ್ನು ಮಂಟಪದ ಉಳಿದ 212 ಫೋಟೋಗಳಿಗೂ ಸಿಂಕ್ ಮಾಡಿದೆ, ಅಂದರೆ ಒಟ್ಟಿಗೇ ಹಚ್ಚಿದೆ. ಹಳೆಯದರಲ್ಲಿ ಹೀಗೆ ಸಿಂಕ್ ಮಾಡಿದರೆ ಹೋಗುತ್ತಿದ್ದದ್ದು ಬೆಳಕು, ಬಣ್ಣ ಮಾತ್ರ. ಬೀಟಾದಲ್ಲಿ ಆ ಗುಂಡಿಯೂ ಜೊತೆಗೆ ಹೋಯಿತು. ಹೋದಲ್ಲೆಲ್ಲ ತಾನಾಗಿ ಮುಖಗಳನ್ನು ಹುಡುಕಿ ಚೊಕ್ಕ ಮಾಡಿತು. ಪುಟಗಳ ಪ್ರೂಫನ್ನು ವಾಟ್ಸ್ಯಾಪಿನಲ್ಲಿ ಕಳಿಸಿದೆ, ಮನೆಯವರು ಮೊಬೈಲಿನಲ್ಲಿ ನೋಡಿ "ಲಾಯ್ಕಿದ್ದು" ಎಂದರು, ಮಂಗಳೂರಿನ ಲ್ಯಾಬಿಗೆ ಹೋಯಿತು.

ಆಲ್ಬಮ್ ಕೊಡಲಿಕ್ಕೆ ನಾನೇ ಹೋಗಿದ್ದೆ. ಜೋರು ಮಳೆ. ಕರೆಂಟಿಲ್ಲ. ಜಗಲಿಯಲ್ಲಿ ಬೆಳಕಿಗೆ ಹಿಡಿದು ಒಂದೊಂದೇ ಪುಟ ತಿರುಗಿಸುತ್ತಿದ್ದರು. ಅಜ್ಜ-ಅಜ್ಜಿ ಜೋಡಿಯಾಗಿ ಕುಳಿತ ಪುಟ ಬಂದಾಗ ಸೊಸೆಯ ಕೈ ನಿಂತಿತು. "ಇದೆಂತ, ಅತ್ತೆಯ ಹಣೆಲಿ ಕುಂಕುಮವೇ ಇಲ್ಲೆ?" ಎಲ್ಲರೂ ಬಗ್ಗಿದರು. ಹೌದು, ಕುಂಕುಮ ಇಲ್ಲ. ಮೂಗುಬೊಟ್ಟಿನ ಹರಳೂ ಇಲ್ಲ. ಅದರ ಜಾಗದಲ್ಲಿ ನುಣ್ಣಗಿನ ಚರ್ಮ. ಹಿಂದಿನ ಪುಟ, ಮುಂದಿನ ಪುಟ, ಧಾರೆಯ ಹೊತ್ತಿನದ್ದು, ಎಲ್ಲದರಲ್ಲೂ ಹಾಗೇ. ಮದುಮಗಳದ್ದು ದೊಡ್ಡ ಬೊಟ್ಟು, ಉಳಿದಿತ್ತು. ಅಜ್ಜಿ ಉಂಗುರಬೆರಳ ತುದಿಯಲ್ಲಿ ಇಟ್ಟ ಸಣ್ಣ ಕುಂಕುಮ, ಬೆವರಿಗೆ ಅಂಚು ಹರಡಿತ್ತು. ಸಾಫ್ಟ್‌ವೇರಿಗೆ ಅದೂ ಒಂದು ಬೆವರುಸಾಲೆ.

ಆಚೆ ಕುರ್ಚಿಯಲ್ಲಿದ್ದ ಅಜ್ಜ ಎದ್ದು ಬಂದು ನೋಡಿ ಹೇಳಿದ್ದು ಇಷ್ಟೇ: "ಆನು ಇನ್ನೂ ಇದ್ದೆನ್ನೆ!" ನಾನು ಇನ್ನೂ ಇದ್ದೇನಲ್ಲ, ಎಂದು.

ಯಾರೂ ನಗಲಿಲ್ಲ. ಬಣ್ಣ ಕೆಟ್ಟಿದ್ದರೆ, ಪುಟ ಹಿಂದುಮುಂದಾಗಿದ್ದರೆ ಬೈದು ಮುಗಿಸುತ್ತಿದ್ದರು. ಗಂಡ ಬದುಕಿರುವ ಹೆಂಗಸಿನ ಹಣೆಯನ್ನು ಮೊಮ್ಮಗಳ ಮದುವೆಯ ಆಲ್ಬಮಿನಲ್ಲೇ ಬೋಳು ಮಾಡಿಟ್ಟವನಿಗೆ ಎಂತ ಹೇಳುವುದು? ಆಲ್ಬಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವಾಪಸು ತಂದೆ. ಚಹಾ ಕೊಟ್ಟಿದ್ದರು, ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಬೀಟಾವನ್ನು ಅಂದೇ ತೆಗೆದುಹಾಕಿ ಹಳೆಯ ಆವೃತ್ತಿ ತೆರೆದೆ. ಈ ಕ್ಯಾಟಲಾಗ್ ಹೊಸ ಆವೃತ್ತಿಯದ್ದು, ತೆರೆಯಲಾಗದು ಎಂದಿತು. ಹೆದರಲಿಲ್ಲ, ಬ್ಯಾಕಪ್ ಉಂಟಲ್ಲ. ದಿನಾ ರಾತ್ರಿ ಎರಡು ಗಂಟೆಗೆ ಎಲ್ಲವೂ ತಾನಾಗಿ ಇನ್ನೊಂದು ಹಾರ್ಡ್ ಡಿಸ್ಕಿಗೆ ಹೋಗುವ ವ್ಯವಸ್ಥೆ ಮಾಡಿದ್ದೆ. ಆ ಡಿಸ್ಕ್ ಹಾಕಿ ನೋಡಿದರೆ ಅಲ್ಲಿಯೂ ಅದೇ ಹೊಸ ಕ್ಯಾಟಲಾಗ್. ಇಲ್ಲಿ ಬದಲಾದದ್ದನ್ನು ಅಲ್ಲಿಯೂ ಬದಲಾಯಿಸುವುದೇ ಅದರ ಕೆಲಸ. ನಾನು ಬ್ಯಾಕಪ್ ಎಂದು ನಂಬಿದ್ದು ಬರಿಯ ಕನ್ನಡಿ. ಏಪ್ರಿಲಿನ ಆ ರಾತ್ರಿಯೇ ಹಳೆಯದರ ಮೇಲೆ ಹೊಸದು ಕುಳಿತಾಗಿತ್ತು. ಎಡಿಟಿಂಗ್ ಆಜ್ಞೆಗಳನ್ನು ಪ್ರತಿ ಫೋಟೋದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುವ ಸೌಲಭ್ಯವೂ ಇತ್ತು, ಕೆಲಸ ನಿಧಾನವಾಗುತ್ತದೆಂದು ನಾನೇ ಅದನ್ನು ಆಫ್ ಮಾಡಿಟ್ಟಿದ್ದೆ. ರಾ ಫೈಲುಗಳು ಮಾತ್ರ ಸುರಕ್ಷಿತ. ಆಲ್ಬಮಿನ ಫೋಟೋಗಳನ್ನೆಲ್ಲ ಮೊದಲಿನಿಂದ, ಕೈಯಲ್ಲೇ, ಒಂದೊಂದು ಹಣೆಯನ್ನೂ ದೊಡ್ಡದು ಮಾಡಿ ನೋಡುತ್ತ, ಹನ್ನೊಂದು ರಾತ್ರಿ ಕೂತು ಮಾಡಿದೆ. ಹಳೆಯ ಆರು ವರ್ಷದ್ದು ಹೋಯಿತು. ಎಡಿಟ್ ಮುಗಿಸಿ ಜೆಪೆಗ್ ಫೋಟೋ ಮಾಡಿ ಇಟ್ಟದ್ದು ಉಳಿದದ್ದೇ ಪುಣ್ಯ.

ಬೀಟಾ ಎಂದರೆ ಕೆಟ್ಟದ್ದು ಎಂದು ನನ್ನ ವಾದವಲ್ಲ. ಫೋಟೋ ಎಡಿಟಿಂಗಿನ ಹೆಸರಾಂತ ಸಾಫ್ಟ್‌ವೇರ್ ಲೈಟ್‌ರೂಮ್ 2006ರ ಜನವರಿಯಲ್ಲಿ ಮ್ಯಾಕ್‌ಗೆ ಬೀಟಾ ಆಗಿಯೇ ಬಂದದ್ದು. ಒಂದು ವರ್ಷ ಜನ ಬಳಸಿ, ಬೈದು, ತಿದ್ದಿಸಿ, 2007ರ ಫೆಬ್ರವರಿಯಲ್ಲಿ 1.0 ಆಯಿತು. ಇನ್ನೊಂದು ಕಡೆ, ಬೀಟಾ ಅಲ್ಲದ್ದು ಎಂದ ಮಾತ್ರಕ್ಕೆ ಕಣ್ಣು ಮುಚ್ಚುವ ಹಾಗೂ ಇಲ್ಲ. 2020ರ ಆಗಸ್ಟಿನಲ್ಲಿ ಐಫೋನಿನ ಲೈಟ್‌ರೂಮಿಗೆ ಬಂದ 5.4 ಅಪ್‌ಡೇಟ್, ಕ್ಲೌಡಿಗೆ ಏರಿರದ ಫೋಟೋಗಳನ್ನು ಅಳಿಸಿತು, ಅವು ಮರಳಿ ಸಿಗಲಿಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿದ್ದದ್ದನ್ನೇ ಗುಡಿಸಿ ಹಾಕಿ, ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಬೇಕಾಯಿತು. ಅದನ್ನು ಮುಂಚಿತವಾಗಿ ಪರೀಕ್ಷಿಸಿದವರಲ್ಲಿ ಕೆಲವರು ಈ ದೋಷವನ್ನು ಮೊದಲೇ ಬರೆದು ತಿಳಿಸಿದ್ದರು, ರಾಶಿ ದೂರುಗಳ ಅಡಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ದುಡ್ಡಿಗೆ ಕೆಲಸ ಮಾಡುವ ನಮ್ಮಂಥವರಿಗೆ ಇನ್ನೊಂದು ತೊಡಕು ಉಂಟು. 2023ರ ಮೇ ತಿಂಗಳಲ್ಲಿ ಫೋಟೋಶಾಪಿನ ಬೀಟಾದಲ್ಲಿ ಜನರೇಟಿವ್ ಫಿಲ್ (ಬೇಡದ್ದನ್ನು ತೆಗೆದು ಆ ಜಾಗವನ್ನು ಎಐ ತಾನೇ ತುಂಬುವ ಸೌಲಭ್ಯ) ಬಂದಾಗ, ವಾಣಿಜ್ಯ ಬಳಕೆಗೆ ಅಲ್ಲ ಎಂಬ ಷರತ್ತು ಜೊತೆಗೇ ಇತ್ತು. ಅದು ಸಡಿಲವಾದದ್ದು ಸೆಪ್ಟೆಂಬರಿನಲ್ಲಿ. ಆ ನಡುವೆ ಅದರಲ್ಲಿ ಮದುವೆ ಮಂಟಪದ ಹಿಂದಿನ ವಯರು, ಫ್ಯಾನು ತೆಗೆದು ಗಿರಾಕಿಗೆ ಕೊಟ್ಟವರು ನಮ್ಮ ತಾಲೂಕಿನಲ್ಲೇ ಎಷ್ಟು ಮಂದಿ ಇಲ್ಲ! ಷರತ್ತು ಓದಿದವರು ಯಾರು?

ಹೇಳಲು ಮರೆತೆ, ಅಕ್ಷರಗಳ ಅವಸ್ಥೆ. ನಮ್ಮಲ್ಲಿ ಆಲ್ಬಮಿನ ಮೊದಲ ಪುಟಕ್ಕೆ ಕನ್ನಡ ಬೇಕು, ಕೆಲವರಿಗೆ ಮಲಯಾಳವೂ ಬೇಕು. ಬೀಟಾದಲ್ಲಿ ಕನ್ನಡದ ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತಿತ್ತು. "ಶ್ರೀ" ಬರೆದರೆ ಮೂರು ತುಂಡು. ಅದನ್ನು ನೋಡಿದಾಗಲೇ ಈ ಸಾಫ್ಟ್‌ವೇರಿಗೆ ನಮ್ಮ ಕಡೆಯ ಗಾಳಿ ಸೋಂಕಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಅದು ಚುಟ್ಟಿಯನ್ನು ಉಳಿಸಿದ್ದು ಕಲೆಯ ಮೇಲಿನ ಗೌರವದಿಂದಲ್ಲ. ಆ ರಕ್ಕಸನ ಮುಖ ಮನುಷ್ಯರದ್ದು ಎಂದು ಅದಕ್ಕೆ ಗೊತ್ತಾಗಿರಲಿಕ್ಕಿಲ್ಲ, ಅಷ್ಟೇ.

ಈಗ ಬೀಟಾ ಏನಿದ್ದರೂ ಬೇರೆ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಕೊಡುವುದು ಪೆನ್‌ಡ್ರೈವಿನಲ್ಲಿ ಹಾಕಿದ ಐವತ್ತು ಫೋಟೋಗಳ ನಕಲು ಮಾತ್ರ, ನನ್ನ ಕ್ಯಾಟಲಾಗಿನ ದಾರಿಯನ್ನೇ ಅದಕ್ಕೆ ತೋರಿಸುವುದಿಲ್ಲ. ಅದರಲ್ಲಿ ತಯಾರಾದ ಒಂದೇ ಒಂದು ಫೋಟೋ ಗಿರಾಕಿಗೆ ಹೋಗುವುದಿಲ್ಲ. ಎಕ್ಸ್‌ಎಂಪಿ ಆನ್ ಮಾಡಿದ್ದೇನೆ. ಭಾನುವಾರ ಕ್ಯಾಟಲಾಗಿನ ಒಂದು ಪ್ರತಿಯನ್ನು ತಾರೀಕು ಬರೆದ ಬೇರೆ ಫೋಲ್ಡರಿಗೆ ಹಾಕಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತು ಕಪಾಟಿನಲ್ಲಿಡುತ್ತೇನೆ. ಬಳಸುವುದೇ ಬೇಡವೇ ಎಂದು ಅಳಿಯ ಕೇಳಿದ. ಬೇಕು. ಕುಂಕುಮ ಮೊಡವೆಯಲ್ಲ, ಒತ್ತು ಪಕ್ಕದಲ್ಲಿ ಬರುವುದಿಲ್ಲ ಎಂದು ಆ ಕಂಪೆನಿಗೆ ನಾವಲ್ಲದೆ ಬೇರೆ ಯಾರು ಬರೆಯುತ್ತಾರೆ?

ಎರಡನೇ ಆಲ್ಬಮ್ ಕೊಡಲಿಕ್ಕೆ ಹೋದಾಗ ಅಜ್ಜಿಯನ್ನೇ ಕೇಳಿದೆ, ದೂರಿನ ಜೊತೆ ನಿಮ್ಮ ಫೋಟೋ ಕಳಿಸಬಹುದಾ ಎಂದು. "ಕಳುಸು ಮಾಣಿ. ಕುಂಕುಮ ಹೇಳಿರೆ ಎಂತರ ಹೇಳಿ ಅವಕ್ಕೂ ಗೊಂತಾಗಲಿ," ಎಂದರು. ಹೊಸತೊಂದು ತೆಗೆಯುತ್ತೇನೆಂದು ಕ್ಯಾಮೆರಾ ಎತ್ತಿದರೆ ತಡೆದು ಒಳಗೆ ಹೋದರು. ಬರುವಾಗ ಹಣೆಯಲ್ಲಿ ಎಂಟಾಣೆಯಷ್ಟು ದೊಡ್ಡ ಕುಂಕುಮ. "ಇದರ ಉದ್ದಲೆ ಎಡಿಗೋ ನೋಡು." ಇದನ್ನು ಒರೆಸಲಿಕ್ಕೆ ಆಗುತ್ತದಾ ನೋಡು, ಎಂದು.

ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಕುಂಕುಮ ಉಳಿಯಿತು. ಮೂಗುಬೊಟ್ಟು ಈ ಸಲವೂ ಹೋಯಿತು.